ರಷ್ಯಾದ ದುಡ್ಡು, ಬೆಲ್ಜಿಯಂನ ಬೀಗ

ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿದ್ದು 2022ರ ಫೆಬ್ರವರಿ 24, ಗುರುವಾರ. ಶನಿವಾರ ಅಮೆರಿಕ, ಬ್ರಿಟನ್, ಕೆನಡಾ ಮತ್ತು ಯುರೋಪಿನ ದೊಡ್ಡ ದೇಶಗಳು ಸೇರಿ ಒಂದು ಹೇಳಿಕೆ ಹೊರಡಿಸಿದವು. ಸೋಮವಾರದ ಹೊತ್ತಿಗೆ ರಷ್ಯಾದ ಕೇಂದ್ರ ಬ್ಯಾಂಕಿನ ಮೀಸಲು ಹಣದಲ್ಲಿ ಹತ್ತಿರ ಹತ್ತಿರ ಅರ್ಧ, ಅಂದರೆ ಸುಮಾರು 30,000 ಕೋಟಿ ಡಾಲರ್, ಅದರ ಕೈಗೆ ಸಿಗದ ಹಾಗಾಗಿತ್ತು. ಒಂದು ಗುಂಡೂ ಹಾರಲಿಲ್ಲ, ಯಾರೂ ಯಾವ ತಿಜೋರಿಯನ್ನೂ ಒಡೆಯಲಿಲ್ಲ. ರೂಬಲ್ ಬಿತ್ತು. ಅದನ್ನು ಹಿಡಿದು ನಿಲ್ಲಿಸೋಕೆ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಶೇ 9.5ರಿಂದ ಒಂದೇ ಏಟಿಗೆ ಶೇ 20ಕ್ಕೆ ಏರಿಸಬೇಕಾಯಿತು. ಕೇಂದ್ರ ಬ್ಯಾಂಕಿನ ಹಣಕ್ಕೇ ಕೈ ಹಾಕುತ್ತಾರೆ ಅಂತ ಯಾರೂ ಊಹಿಸಿರಲಿಲ್ಲ ಎಂದು ಮುಂದಿನ ತಿಂಗಳು ವಿದೇಶಾಂಗ ಸಚಿವ ಲಾವ್ರೊವ್ ಅವರೇ ಒಪ್ಪಿಕೊಂಡರು.

ಅವತ್ತಿನಿಂದ ಒಂದು ಜಗಳ ನಡೆಯುತ್ತಲೇ ಇದೆ. ಹಣ ಫ್ರೀಜ್ ಆಗಿದೆ, ಸರಿ. ಅದನ್ನು ತೆಗೆದು ಉಕ್ರೇನಿಗೆ ಕೊಟ್ಟುಬಿಡಬಹುದಾ? ಕೇಳೋಕೆ ಇದು ಸುಲಭದ ಪ್ರಶ್ನೆ. ಮನೆ ಒಡೆದವನ ದುಡ್ಡು ನಮ್ಮ ಕೈಯಲ್ಲೇ ಇದೆ, ಒಡೆದ ಮನೆ ಕಟ್ಟೋಕೆ ಅದನ್ನೇ ಬಳಸಿದರೆ ತಪ್ಪೇನು ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಫ್ರೀಜ್ ಮಾಡುವುದು ಬೇರೆ, ಮುಟ್ಟುಗೋಲು ಹಾಕಿಕೊಳ್ಳುವುದು ಬೇರೆ. ಈ ಎರಡರ ನಡುವಿನ ಗೆರೆ ತುಂಬಾ ತೆಳು. ಯುರೋಪ್ ಇಷ್ಟು ವರ್ಷ ಆ ಗೆರೆಯ ಹತ್ತಿರ ಹತ್ತಿರ ಹೋಗುತ್ತಾ, ದಾಟದೆ ನಿಂತಿದೆ. ಯಾಕೆ ನಿಂತಿದೆ ಅಂತ ನೋಡಿದರೆ ಇವತ್ತಿನ ಹಣದ ಜಗತ್ತು ಯಾವುದರ ಮೇಲೆ ನಿಂತಿದೆ ಅನ್ನುವುದೂ ಕಾಣುತ್ತದೆ.

ವಿದೇಶಿ ವಿನಿಮಯ ಮೀಸಲು ಅಂದ ತಕ್ಷಣ ತಲೆಯಲ್ಲಿ ಬರುವುದು ಕಬ್ಬಿಣದ ಬಾಗಿಲಿನ ಕೋಣೆ, ಒಳಗೆ ನೋಟಿನ ಕಟ್ಟುಗಳು. ಚಿನ್ನದ ಮಟ್ಟಿಗೆ ಇದು ನಿಜ, ರಷ್ಯಾದ ಸುಮಾರು 2,300 ಟನ್ ಚಿನ್ನ ಅದರ ನೆಲದಲ್ಲೇ ಇದೆ, ಅದನ್ನು ಯಾರೂ ಮುಟ್ಟೋಕಾಗಲಿಲ್ಲ. ಉಳಿದ ಹಣ ಹಾಗಿರುವುದಿಲ್ಲ. ತೈಲ, ಅನಿಲ ಮಾರಿ ಬಂದ ಯೂರೊವನ್ನು ಸುಮ್ನೆ ಇಟ್ಟುಕೊಂಡರೆ ಏನೂ ಹುಟ್ಟುವುದಿಲ್ಲ. ಹಾಗಾಗಿ ಕೇಂದ್ರ ಬ್ಯಾಂಕು ಅದರಲ್ಲಿ ಬೇರೆ ಸರ್ಕಾರಗಳ ಬಾಂಡ್ ಕೊಳ್ಳುತ್ತದೆ, ಅಂದರೆ ಆ ಸರ್ಕಾರಗಳಿಗೆ ಸಾಲ ಕೊಡುತ್ತದೆ. ಆ ಸಾಲದ ಪತ್ರವೂ ಈಗ ಕಾಗದವಲ್ಲ. ಇನ್ಯಾವುದೋ ದೇಶದ, ಇನ್ಯಾವುದೋ ಸಂಸ್ಥೆಯ ಲೆಕ್ಕದಲ್ಲಿ ಒಂದು ಸಾಲು, ಅಷ್ಟೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ದೇಶಗಳ ನಡುವೆಯೂ ನಡೆಯುತ್ತದೆ ಅಂತ ರಷ್ಯಾಕ್ಕೆ ಗೊತ್ತಾಗಿದ್ದು ಆ ಸೋಮವಾರ.

ಇದರಲ್ಲಿ ಒಂದು ತಮಾಷೆಯೂ ಇದೆ. ರಷ್ಯಾ ಇಂಥದ್ದಕ್ಕೆ ತಯಾರೇ ಆಗಿರಲಿಲ್ಲ ಅಂತಲ್ಲ. 2014ರಲ್ಲಿ ಕ್ರಿಮಿಯಾ ವಶಪಡಿಸಿಕೊಂಡ ಮೇಲೆ ಅಮೆರಿಕದ ನಿರ್ಬಂಧಗಳು ಶುರುವಾದವು, ಆಗಿನಿಂದಲೇ ಅದು ಡಾಲರಿನಿಂದ ದೂರ ಸರಿಯುತ್ತಾ ಬಂತು. 2018ರಲ್ಲಂತೂ ಎರಡೇ ತಿಂಗಳಲ್ಲಿ ತನ್ನ ಬಳಿಯಿದ್ದ ಅಮೆರಿಕ ಸರ್ಕಾರದ ಬಾಂಡುಗಳಲ್ಲಿ ಬಹುಪಾಲನ್ನು ಮಾರಿಹಾಕಿತು. ಆ ಹಣ ಚಿನ್ನಕ್ಕೆ ಹೋಯಿತು, ಚೀನಾದ ಯುವಾನಿಗೆ ಹೋಯಿತು, ಜಾಸ್ತಿ ಪಾಲು ಯೂರೊಗೆ ಹೋಯಿತು. ಡಾಲರ್ ಬಿಟ್ಟರೆ ಅಮೆರಿಕದ ಕೈಯಿಂದ ತಪ್ಪಿಸಿಕೊಂಡ ಹಾಗೆ ಅನ್ನುವುದು ಲೆಕ್ಕಾಚಾರ. ಅಮೆರಿಕದ ಕೈಯಿಂದ ತಪ್ಪಿಸಿಕೊಂಡಿದ್ದು ನಿಜವೇ, ಅಲ್ಲಿ ಸಿಕ್ಕಿಬಿದ್ದದ್ದು 500 ಕೋಟಿ ಡಾಲರ್ ಆಸುಪಾಸು ಮಾತ್ರ. ದೊಡ್ಡ ಮೊತ್ತ ಸಿಕ್ಕಿಬಿದ್ದದ್ದು ಬ್ರಸೆಲ್ಸಿನಲ್ಲಿ, ಯೂರೋಕ್ಲಿಯರ್ ಅನ್ನುವ ಸಂಸ್ಥೆಯ ಪುಸ್ತಕದಲ್ಲಿ: ಸುಮಾರು 19,000 ಕೋಟಿ ಯೂರೊ.

ಯೂರೋಕ್ಲಿಯರ್ ಹೆಸರು ಹೊರಗಿನವರಿಗೆ ಅಷ್ಟು ಪರಿಚಯವಿಲ್ಲ. ಅದು ಸಾಲ ಕೊಡುವ ಬ್ಯಾಂಕಲ್ಲ. ಬಾಂಡು, ಷೇರುಗಳು ಯಾರ ಹೆಸರಲ್ಲಿವೆ ಅಂತ ಲೆಕ್ಕ ಇಡುವುದು, ಕೈ ಬದಲಾದಾಗ ಹಣ ಅತ್ತ, ಬಾಂಡು ಇತ್ತ ಮಾಡುವುದು ಅದರ ಕೆಲಸ. ಹೀಗೆ ಅದರ ಪುಸ್ತಕದಲ್ಲಿ ಇರುವ ಆಸ್ತಿಯ ಮೌಲ್ಯ ಸುಮಾರು 40 ಲಕ್ಷ ಕೋಟಿ ಯೂರೊ. ಎಷ್ಟೋ ದೇಶಗಳ ಕೇಂದ್ರ ಬ್ಯಾಂಕುಗಳು ಇಲ್ಲಿ ಖಾತೆ ಇಟ್ಟಿವೆ.

ಫ್ರೀಜ್ ಆದ ಹಣಕ್ಕೆ ಒಳಗೆ ಏನಾಗುತ್ತದೆ ಅಂತ ಒಂದು ಬಾಂಡನ್ನೇ ಹಿಡಿದು ನೋಡೋಣ. ರಷ್ಯಾದ ಕೇಂದ್ರ ಬ್ಯಾಂಕಿನ ಖಾತೆಯಲ್ಲಿ ಯುರೋಪಿನ ಯಾವುದೋ ಸರ್ಕಾರದ 10 ಕೋಟಿ ಯೂರೊ ಬಾಂಡ್ ಇದೆ, 2023ರಲ್ಲಿ ಅದರ ಅವಧಿ ಮುಗಿಯುತ್ತದೆ ಅಂದುಕೊಳ್ಳಿ. ಆ ದಿನ ಬಂತು. ಸಾಲ ತೆಗೆದುಕೊಂಡ ಸರ್ಕಾರ ಹೇಳಿದ ಹಾಗೆ 10 ಕೋಟಿ ಯೂರೊ ವಾಪಸ್ ಕೊಟ್ಟಿತು. ಹಣ ಯೂರೋಕ್ಲಿಯರಿಗೆ ಬಂತು. ಮಾಮೂಲಿಯಾಗಿದ್ದರೆ ಅವತ್ತೇ ಅದು ಮಾಸ್ಕೊಗೆ ಹೋಗುತ್ತಿತ್ತು, ಅಥವಾ ಹೊಸ ಬಾಂಡ್ ಕೊಳ್ಳೋಕೆ ಬಳಕೆಯಾಗುತ್ತಿತ್ತು. ಈಗ ಎರಡೂ ಆಗುವ ಹಾಗಿಲ್ಲ. ಹಾಗಾಗಿ ಅದು ನಗದಾಗಿ ಯೂರೋಕ್ಲಿಯರ್ ಹತ್ತಿರವೇ ಕೂತಿತು. ಮುಂದಿನ ತಿಂಗಳು ಇನ್ನೊಂದು ಬಾಂಡ್, ಅದರ ಮುಂದಿನ ತಿಂಗಳು ಮತ್ತೊಂದು. ಹೀಗೆ ಕೂಡುತ್ತಾ ಕೂಡುತ್ತಾ ಬಾಂಡುಗಳ ರಾಶಿ ಹೋಗಿ ನಗದಿನ ರಾಶಿ ಆಯಿತು. ಅಷ್ಟು ನಗದನ್ನು ಸುಮ್ನೆ ಇಡೋಕಾಗುತ್ತಾ? ಯೂರೋಕ್ಲಿಯರ್ ಅದನ್ನು ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ ಠೇವಣಿ ಇಟ್ಟಿತು.

ಯುದ್ಧ ಶುರುವಾದಾಗ ಯುರೋಪಿನ ಕೇಂದ್ರ ಬ್ಯಾಂಕಿನ ಠೇವಣಿ ಬಡ್ಡಿ ದರ ಸೊನ್ನೆಗಿಂತ ಕೆಳಗಿತ್ತು, ಹಣ ಇಟ್ಟವರೇ ಬಡ್ಡಿ ಕಟ್ಟಬೇಕಾದ ಕಾಲ ಅದು. ಆಮೇಲೆ ಬೆಲೆ ಏರಿಕೆ ತಡೆಯೋಕೆ ಅಂತ ದರ ಏರಿಸುತ್ತಾ ಹೋಗಿ 2023ರ ಸೆಪ್ಟೆಂಬರಿನಲ್ಲಿ ಶೇ 4ಕ್ಕೆ ಮುಟ್ಟಿಸಿದರು. ಬಿಡಿಸಿಕೊಳ್ಳೋಕಾಗದ ಹಣಕ್ಕೆ ಖಾತೆದಾರನಿಗೆ ಬಡ್ಡಿ ಕೊಡಬೇಕು ಅನ್ನುವ ಕರಾರು ಯೂರೋಕ್ಲಿಯರಿಗೆ ಇಲ್ಲ. ಹಾಗಾಗಿ ಬಂದ ಬಡ್ಡಿ ಎಲ್ಲ ಅದಕ್ಕೇ ಸೇರಿತು. 2023ರಲ್ಲಿ ಸುಮಾರು 440 ಕೋಟಿ ಯೂರೊ, 2024ರಲ್ಲಿ ಸುಮಾರು 690 ಕೋಟಿ. ಅದರ ಮೇಲೆ ಬೆಲ್ಜಿಯಂ ಸರ್ಕಾರಕ್ಕೆ ಶೇ 25 ತೆರಿಗೆ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ ಇದು. ಯುದ್ಧವೊಂದು ಕಡೆ, ಬೆಲೆ ಏರಿಕೆ ಇನ್ನೊಂದು ಕಡೆ, ಎರಡೂ ಕೂಡಿ ಬಂದು ಹುಟ್ಟಿದ ದುಡ್ಡು.

ಯುರೋಪಿನ ವಕೀಲರ ಕಣ್ಣು ಬಿದ್ದದ್ದು ಇದರ ಮೇಲೆ. ಅಸಲು ರಷ್ಯಾದ್ದು, ಅದನ್ನು ಮುಟ್ಟುವುದು ಬೇಡ. ಬಡ್ಡಿ ರಷ್ಯಾದ್ದೂ ಅಲ್ಲ, ಯೂರೋಕ್ಲಿಯರ್ ಬೆವರು ಸುರಿಸಿ ದುಡಿದಿದ್ದೂ ಅಲ್ಲ, ಹಾಗಾಗಿ ಅದನ್ನು ತೆಗೆದುಕೊಂಡರೆ ಮುಟ್ಟುಗೋಲು ಆಗುವುದಿಲ್ಲ. 2024ರ ಮೇ ತಿಂಗಳಲ್ಲಿ ಈ ನಿಯಮ ಬಂತು, ಜುಲೈನಲ್ಲಿ ಮೊದಲ ಕಂತಾಗಿ 150 ಕೋಟಿ ಯೂರೊ ಹೊರಬಂತು. ಅದರಲ್ಲಿ ಹೆಚ್ಚಿನದು ಶಸ್ತ್ರಾಸ್ತ್ರಕ್ಕೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ಇಷ್ಟಕ್ಕೇ ನಿಲ್ಲಲಿಲ್ಲ. ಆ ಜೂನಿನಲ್ಲಿ ಇಟಲಿಯಲ್ಲಿ ಸೇರಿದ ಜಿ-7 ದೇಶಗಳು ಮುಂದೆ ಬರಲಿರುವ ಬಡ್ಡಿಯನ್ನು ನೆಚ್ಚಿಕೊಂಡು ಉಕ್ರೇನಿಗೆ ಇವತ್ತೇ 5,000 ಕೋಟಿ ಡಾಲರ್ ಸಾಲ ಕೊಡೋಕೆ ಒಪ್ಪಿಕೊಂಡವು. ಅಂದರೆ ಬಡ್ಡಿ ಇನ್ನೂ ಹುಟ್ಟಿಲ್ಲ, ಅದರ ಹೆಸರಲ್ಲಿ ಸಾಲ ಎದ್ದಾಯಿತು. ಜಾಣತನದ ಕೆಲಸ ಅಂತ ನನಗೆ ಅನಿಸುತ್ತದೆ. ಆದರೆ ಬಡ್ಡಿ ದರ ಇಳಿದರೆ ಆದಾಯವೂ ಇಳಿಯುತ್ತದೆ, 2025ರ ಜೂನ್ ಹೊತ್ತಿಗೆ ದರ ಶೇ 2ಕ್ಕೆ ಬಂದಿತ್ತು. ಯುದ್ಧದ ಖರ್ಚು ಮಾತ್ರ ಇಳಿಯಲಿಲ್ಲ.

ಹಾಗಾದರೆ ಅಸಲಿಗೆ ಕೈ ಹಾಕೋಕೆ ತಡೆ ಏನು? ಕಾನೂನಿನ ಕಡೆಯಿಂದ ಎರಡು ತೊಡಕು. ಒಂದು, ಒಂದು ದೇಶದ ಕೇಂದ್ರ ಬ್ಯಾಂಕಿನ ಆಸ್ತಿಯನ್ನು ಇನ್ನೊಂದು ದೇಶದ ಕೋರ್ಟು ಜಪ್ತಿ ಮಾಡುವ ಹಾಗಿಲ್ಲ ಅನ್ನುವ ಹಳೆಯ ರಿವಾಜು. ದೇಶಗಳು ಒಬ್ಬರ ದುಡ್ಡನ್ನು ಇನ್ನೊಬ್ಬರ ಹತ್ತಿರ ಧೈರ್ಯವಾಗಿ ಇಡುವುದೇ ಈ ರಿವಾಜಿನ ಮೇಲೆ. ಇದು ಕೋರ್ಟಿಗೆ ಹಾಕಿದ ಕಟ್ಟು ಮಾತ್ರ, ಸರ್ಕಾರ ತಾನೇ ಆದೇಶ ಹೊರಡಿಸಿ ತೆಗೆದುಕೊಂಡರೆ ಅಡ್ಡಿಯಿಲ್ಲ ಅಂತ ವಾದಿಸುವ ವಕೀಲರೂ ಇದ್ದಾರೆ. ಕೆನಡಾ 2022ರಲ್ಲಿ, ಅಮೆರಿಕ 2024ರ ಏಪ್ರಿಲಿನಲ್ಲಿ ಅಂಥ ಅಧಿಕಾರ ಕೊಡುವ ಕಾನೂನು ಮಾಡಿಕೊಂಡಿವೆ. ಎರಡನೆಯದು ಇದಕ್ಕಿಂತ ಗಟ್ಟಿ. ಒಂದು ದೇಶ ಅಂತರರಾಷ್ಟ್ರೀಯ ಕಾನೂನು ಮುರಿದಾಗ ಅದನ್ನು ದಾರಿಗೆ ತರೋಕೆ ಬೇರೆಯವರು ಪ್ರತಿಯಾಗಿ ಏನು ಮಾಡಬಹುದು ಅಂತ ವಿಶ್ವಸಂಸ್ಥೆಯ ಕಾನೂನು ಆಯೋಗ 2001ರಲ್ಲಿ ಬರೆದಿಟ್ಟಿದೆ. ಅದರ ಪ್ರಕಾರ ಅಂಥ ಕ್ರಮ ತಾತ್ಕಾಲಿಕವಾಗಿರಬೇಕು, ಆದಷ್ಟೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಬೇಕು. ಫ್ರೀಜ್ ಇದಕ್ಕೆ ಹೊಂದುತ್ತದೆ, ನಾಳೆ ರಷ್ಯಾ ಯುದ್ಧ ನಿಲ್ಲಿಸಿ ಪರಿಹಾರ ಕೊಟ್ಟರೆ ಬೀಗ ತೆಗೆಯಬಹುದು. ಹಣವನ್ನು ಖರ್ಚು ಮಾಡಿಬಿಟ್ಟರೆ ತೆಗೆಯೋಕೆ ಬೀಗ ಇರುತ್ತದೆ, ಒಳಗೆ ಏನೂ ಇರುವುದಿಲ್ಲ.

ಹಿಂದೆ ಹೀಗೆ ಆಗಿಯೇ ಇಲ್ವಾ ಅಂದರೆ, ಆಗಿದೆ. ಇರಾಕ್ ಉದಾಹರಣೆ ಜಾಸ್ತಿ ಕೇಳಿಬರುತ್ತದೆ. ಕುವೈತ್ ಮೇಲೆ ದಂಡೆತ್ತಿ ಹೋದದ್ದಕ್ಕೆ ಇರಾಕ್ ತನ್ನ ತೈಲದ ಆದಾಯದಲ್ಲಿ ಒಂದು ಪಾಲನ್ನು ಕಟ್ಟುತ್ತಾ ಬಂದು, ಒಟ್ಟು 5,240 ಕೋಟಿ ಡಾಲರ್ ಪರಿಹಾರವನ್ನು 2022ರ ಹೊತ್ತಿಗೆ ತೀರಿಸಿತು. ಆದರೆ ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಆದೇಶ. ರಷ್ಯಾ ವಿಷಯದಲ್ಲಿ ಆ ಬಾಗಿಲು ಮುಚ್ಚಿದೆ, ಅಲ್ಲಿ ವೀಟೊ ಇರುವುದೇ ರಷ್ಯಾಕ್ಕೆ. ಅಫ್ಘಾನಿಸ್ತಾನದ ಕತೆ ಬೇರೆ ಥರ. ತಾಲಿಬಾನ್ ಬಂದ ಮೇಲೆ ನ್ಯೂಯಾರ್ಕಿನಲ್ಲಿದ್ದ 700 ಕೋಟಿ ಡಾಲರನ್ನು ಅಮೆರಿಕ ಫ್ರೀಜ್ ಮಾಡಿತು. ಅರ್ಧವನ್ನು ಸ್ವಿಟ್ಜರ್ಲೆಂಡಿನ ಒಂದು ನಿಧಿಗೆ ಹಾಕಿದರು. ಇನ್ನರ್ಧವನ್ನು 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳು ಕೇಳಿದವು. ಇಷ್ಟು ದುಃಖದ, ಇಷ್ಟು ನ್ಯಾಯವಾದ ಕೇಳಿಕೆಗೂ ನ್ಯೂಯಾರ್ಕಿನ ಕೋರ್ಟು 2023ರ ಫೆಬ್ರವರಿಯಲ್ಲಿ ಆಗುವುದಿಲ್ಲ ಅಂದಿತು: ಇದು ಕೇಂದ್ರ ಬ್ಯಾಂಕಿನ ಹಣ, ಇದಕ್ಕೆ ರಕ್ಷಣೆ ಇದೆ.

ಇನ್ನು 2025ಕ್ಕೆ ಬರೋಣ. ಅಮೆರಿಕದಲ್ಲಿ ಟ್ರಂಪ್ ಬಂದ ಮೇಲೆ ಅಲ್ಲಿಂದ ಬರುತ್ತಿದ್ದ ಸಹಾಯ ಕಡಿಮೆಯಾಯಿತು, ಹೊರೆ ಯುರೋಪಿನ ತಲೆ ಮೇಲೆ ಬಿತ್ತು. ಆಗ ಹುಟ್ಟಿದ್ದು ‘ಪರಿಹಾರ ಸಾಲ’ ಅನ್ನುವ ಯೋಚನೆ. ಜರ್ಮನಿಯ ಚಾನ್ಸಲರ್ ಮೆರ್ಜ್ ಇದರ ಬೆನ್ನಿಗೆ ನಿಂತರು. ಯೂರೋಕ್ಲಿಯರ್ ಹತ್ತಿರ ಇರುವ ನಗದನ್ನು ಯುರೋಪಿಯನ್ ಒಕ್ಕೂಟ ಬಡ್ಡಿಯಿಲ್ಲದೆ ಸಾಲ ತೆಗೆದುಕೊಳ್ಳುವುದು, ಅದನ್ನು ಉಕ್ರೇನಿಗೆ ಸಾಲವಾಗಿ ಕೊಡುವುದು, ರಷ್ಯಾ ಯುದ್ಧದ ಪರಿಹಾರ ಕೊಟ್ಟರೆ ಮಾತ್ರ ಉಕ್ರೇನ್ ಅದನ್ನು ವಾಪಸ್ ಕೊಡುವುದು. ಕಾಗದದ ಮೇಲೆ ರಷ್ಯಾದ ಹಕ್ಕು ಹಾಗೇ ಇರುತ್ತದೆ, ಅಸಲು ಮುಟ್ಟಿಲ್ಲ ಅನ್ನಬಹುದು.

ನನ್ನ ಮಟ್ಟಿಗೆ ಇದು ಬೇರೆ ಬಟ್ಟೆ ತೊಟ್ಟ ಮುಟ್ಟುಗೋಲೇ. ರಷ್ಯಾ ತಾನಾಗಿ ಪರಿಹಾರ ಕಟ್ಟುವ ದಿನ ಬರದೇ ಹೋದರೆ ಆ ಹಣ ಹೋದಂತೆಯೇ, ಅಲ್ವಾ? ಬೆಲ್ಜಿಯಂ ಪ್ರಧಾನಿ ಬಾರ್ಟ್ ಡಿ ವೇವರ್ ಹೆದರಿದ್ದೂ ಅದಕ್ಕೇ. ಅವರನ್ನು ಜಿಪುಣ, ಪುಕ್ಕಲ ಅಂತೆಲ್ಲ ಅಂದವರು ಲೆಕ್ಕ ನೋಡಿರಲಿಕ್ಕಿಲ್ಲ. 19,000 ಕೋಟಿ ಯೂರೊ ಅಂದರೆ ಬೆಲ್ಜಿಯಂನ ಒಂದು ವರ್ಷದ ಜಿಡಿಪಿಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಸೋವಿಯತ್ ಕಾಲದಲ್ಲಿ, 1989ರಲ್ಲಿ, ಬೆಲ್ಜಿಯಂ ಮತ್ತು ಲಕ್ಸಂಬರ್ಗ್ ಮಾಸ್ಕೊ ಜೊತೆ ಮಾಡಿಕೊಂಡ ಹೂಡಿಕೆ ರಕ್ಷಣೆಯ ಒಪ್ಪಂದ ಬೇರೆ ಇದೆ. ಅದನ್ನು ಹಿಡಿದು ಯಾವುದೋ ಮಧ್ಯಸ್ಥಿಕೆ ಪೀಠದ ಮುಂದೆ ರಷ್ಯಾ ಹೋಗಿ ಗೆದ್ದರೆ ಕಟ್ಟಬೇಕಾದವರು ಯಾರು? ಉಳಿದವರು ಅಷ್ಟೂ ಮೊತ್ತಕ್ಕೆ ಜಾಮೀನು ನಿಲ್ಲಿ ಅಂದರು ಡಿ ವೇವರ್. ಒಗ್ಗಟ್ಟಿನ ಭಾಷಣ ಮಾಡುತ್ತಿದ್ದವರೆಲ್ಲ ಜಾಮೀನಿನ ಮಾತು ಬಂದಾಗ ಕಾಗದ ತಿರುಗಿಸಿ ನೋಡೋಕೆ ಶುರುಮಾಡಿದರು. ಜಾಮೀನು ಅಂದರೆ ಎಲ್ಲ ಕಡೆಯೂ ಹೀಗೇ.

ಡಿಸೆಂಬರ್ ತಿಂಗಳಲ್ಲಿ ಎರಡು ನಿರ್ಧಾರ ಒಂದರ ಹಿಂದೆ ಒಂದು ಬಂದವು. ಅಲ್ಲಿಯವರೆಗೂ ಫ್ರೀಜನ್ನು ಆರು ತಿಂಗಳಿಗೊಮ್ಮೆ ಎಲ್ಲ 27 ದೇಶಗಳೂ ಒಪ್ಪಿ ಮುಂದುವರಿಸಬೇಕಿತ್ತು. ಹಂಗೆರಿ ಒಂದೇ ಬೇಡ ಅಂದರೂ ಹಣ ಮಾಸ್ಕೊಗೆ ಹೋಗುತ್ತಿತ್ತು. 2025ರ ಡಿಸೆಂಬರ್ 12ರಂದು ಒಕ್ಕೂಟ ತನ್ನ ಒಪ್ಪಂದದ 122ನೇ ವಿಧಿಯನ್ನು ಬಳಸಿತು. ಅದು ಆರ್ಥಿಕ ತುರ್ತಿಗೆ ಅಂತ ಇರುವ ವಿಧಿ, ಬಹುಮತ ಸಾಕು. ಹಂಗೆರಿ, ಸ್ಲೊವಾಕಿಯಾ ಬೇಡ ಅಂದರೂ ಒಕ್ಕೂಟದಲ್ಲಿರುವ ಸುಮಾರು 21,000 ಕೋಟಿ ಯೂರೊ ಅನಿರ್ದಿಷ್ಟ ಕಾಲಕ್ಕೆ ಫ್ರೀಜ್ ಆಯಿತು. ಅದೇ ದಿನಗಳಲ್ಲಿ ರಷ್ಯಾದ ಕೇಂದ್ರ ಬ್ಯಾಂಕು ಯೂರೋಕ್ಲಿಯರ್ ಮೇಲೆ ಮಾಸ್ಕೊದ ಕೋರ್ಟಿನಲ್ಲಿ 18 ಲಕ್ಷ ಕೋಟಿ ರೂಬಲಿಗೂ ಹೆಚ್ಚಿನ ಮೊತ್ತಕ್ಕೆ ದಾವೆ ಹೂಡಿತು. ಒಂದು ವಾರ ಕಳೆದು ಬ್ರಸೆಲ್ಸಿನ ಶೃಂಗಸಭೆಯಲ್ಲಿ ರಾತ್ರಿಯೆಲ್ಲ ಮಾತಾಡಿದ ಮೇಲೆ ಪರಿಹಾರ ಸಾಲದ ಯೋಜನೆ ಪಕ್ಕಕ್ಕೆ ಹೋಯಿತು. ಅದರ ಬದಲು ಒಕ್ಕೂಟ ತಾನೇ ಮಾರುಕಟ್ಟೆಯಲ್ಲಿ ಸಾಲ ಎತ್ತಿ ಉಕ್ರೇನಿಗೆ ಎರಡು ವರ್ಷಕ್ಕೆ 9,000 ಕೋಟಿ ಯೂರೊ ಬಡ್ಡಿಯಿಲ್ಲದೆ ಕೊಡುವುದು ಅಂತ ತೀರ್ಮಾನವಾಯಿತು. ಹಂಗೆರಿ, ಸ್ಲೊವಾಕಿಯಾ, ಚೆಕ್ ಗಣರಾಜ್ಯ ಇದರ ಹೊಣೆ ಹೊರುವುದಿಲ್ಲ.

ಇದನ್ನು ಪುಟಿನ್ ಗೆಲುವು ಅಂತ ಬರೆದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗೆರೆ ದಾಟದೆ ಇರೋಕೆ ಯುರೋಪ್ ಬೆಲೆ ಕಟ್ಟಿದೆ, ಆ ಬೆಲೆ ಯುರೋಪಿನ ತೆರಿಗೆದಾರರ ಜೇಬಿನಿಂದ ಹೋಗುತ್ತದೆ. ಆದರೆ ಗೆರೆ ದಾಟದಿದ್ದ ಮಾತ್ರಕ್ಕೆ ಜಗತ್ತಿನ ನಂಬಿಕೆ ಹಾಗೇ ಉಳಿದಿದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳು ಪಾಠ ಕಲಿತದ್ದು 2022ರ ಆ ಸೋಮವಾರವೇ. ಬೀಗ ಹಾಕಿದವನು ಒಳಗಿನದನ್ನು ತಿಂದನೋ ಬಿಟ್ಟನೋ ಅನ್ನುವುದು ವಕೀಲರಿಗೆ ದೊಡ್ಡ ವಿಷಯ. ಹೊರಗೆ ನಿಂತವನಿಗೆ ಎರಡೂ ಒಂದೇ, ಬೇಕಾದ ಹೊತ್ತಿಗೆ ಸಿಗಲಿಲ್ಲ ಅನ್ನುವುದಷ್ಟೇ ಅವನಿಗೆ ಲೆಕ್ಕ.

ಅದರ ಗುರುತು ಚಿನ್ನದಲ್ಲಿ ಕಾಣುತ್ತದೆ. 2022, 2023, 2024, ಈ ಮೂರೂ ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ಸೇರಿ ವರ್ಷಕ್ಕೆ 1,000 ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. 2024ರ ಕೊನೆಗೆ ಮೀಸಲು ಆಸ್ತಿಯಲ್ಲಿ ಚಿನ್ನದ ಪಾಲು ಯೂರೊವನ್ನು ಹಿಂದೆ ಹಾಕಿತು, ಅದಕ್ಕೆ ಚಿನ್ನದ ಬೆಲೆ ಏರಿದ್ದೂ ಒಂದು ಕಾರಣ. ಆದರೆ ಇದನ್ನು ಪಶ್ಚಿಮದ ಮೇಲಿನ ಭಯ ಅಂತ ಮಾತ್ರ ಓದಿದರೆ ತಪ್ಪಾಗುತ್ತದೆ. 2024ರಲ್ಲಿ ಎಲ್ಲರಿಗಿಂತ ಜಾಸ್ತಿ ಚಿನ್ನ ಕೊಂಡಿದ್ದು ಪೋಲೆಂಡ್, ಸುಮಾರು 90 ಟನ್. ಅದು ನೇಟೊ ದೇಶ, ಯುರೋಪಿಯನ್ ಒಕ್ಕೂಟದ ಸದಸ್ಯ, ಅದಕ್ಕೆ ಭಯ ಇರುವುದು ಪೂರ್ವದ ಕಡೆಯಿಂದ. ಡಾಲರ್ ಕೂಡ ಜನ ಹೇಳುವ ಹಾಗೆ ಕುಸಿದುಬಿದ್ದಿಲ್ಲ. ಮೀಸಲು ಕರೆನ್ಸಿಗಳಲ್ಲಿ ಅದರ ಪಾಲು 2000ದ ಸುಮಾರಿಗೆ ಶೇ 70ರ ಮೇಲಿತ್ತು, 2024ರಲ್ಲಿ ಶೇ 58ರ ಆಸುಪಾಸು. ಈ ಇಳಿತ ಯುದ್ಧಕ್ಕಿಂತ ಎಷ್ಟೋ ಮೊದಲೇ ಶುರುವಾದದ್ದು, ನಿಧಾನಕ್ಕೆ ನಡೆಯುತ್ತಿದೆ.

ಯಾಕೆ ನಿಧಾನ ಅಂದರೆ, ಹೋಗೋಕೆ ಬೇರೆ ಜಾಗವಿಲ್ಲ. ಯುವಾನನ್ನು ಚೀನಾ ಸರ್ಕಾರ ತನ್ನ ಹಿಡಿತದಿಂದ ಬಿಟ್ಟಿಲ್ಲ. ರಷ್ಯಾವೇ 2022ರ ನಂತರ ಭಾರತಕ್ಕೆ ಭರ್ಜರಿಯಾಗಿ ತೈಲ ಮಾರಿತು, ರೂಪಾಯಿಯಲ್ಲೂ ಹಣ ಪಡೆಯಿತು. ಆಮೇಲೆ 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ನೂರಾರು ಕೋಟಿ ರೂಪಾಯಿ ಕೂತಿದೆ, ಬಳಸೋಕೆ ದಾರಿ ಹುಡುಕಬೇಕು ಅಂದರು. ಯಾರೂ ಫ್ರೀಜ್ ಮಾಡಿರಲಿಲ್ಲ. ಸುಮ್ನೆ ಅಷ್ಟು ರೂಪಾಯಿಗೆ ಕೊಳ್ಳೋಕೆ ಏನೂ ಇರಲಿಲ್ಲ.

ಉಕ್ರೇನಿನ ಕಡೆಯಿಂದ ನೋಡಿದರೆ ಈ ಎಲ್ಲ ವಾದವೂ ಹೊಟ್ಟೆ ತುಂಬಿದವರ ಮಾತಿನ ಹಾಗೆ ಕೇಳಿಸಬಹುದು. ಮುಂದಿನ ಹತ್ತು ವರ್ಷಕ್ಕೆ ಮರುನಿರ್ಮಾಣದ ಖರ್ಚು 52,400 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕ್ ಮತ್ತಿತರ ಸಂಸ್ಥೆಗಳು 2025ರ ಫೆಬ್ರವರಿಯಲ್ಲಿ ಅಂದಾಜು ಮಾಡಿವೆ. ಫ್ರೀಜ್ ಆದ ಹಣ ಪೂರ್ತಿ ಕೊಟ್ಟರೂ ಅದು ಸಾಲದು. ಅಷ್ಟರಲ್ಲಿ ಆ ಹಣಕ್ಕೆ ಬೇರೆ ಗಿರಾಕಿಗಳೂ ಹುಟ್ಟಿಕೊಂಡಿದ್ದಾರೆ. 2025ರ ನವೆಂಬರಿನಲ್ಲಿ ಹೊರಬಿದ್ದ ಅಮೆರಿಕದ 28 ಅಂಶಗಳ ಶಾಂತಿ ಯೋಜನೆಯಲ್ಲಿ ಅದರ 10,000 ಕೋಟಿ ಡಾಲರನ್ನು ಅಮೆರಿಕದ ಮುಂದಾಳತ್ವದಲ್ಲಿ ಉಕ್ರೇನಿನಲ್ಲಿ ಹೂಡುವುದು, ಲಾಭದಲ್ಲಿ ಅರ್ಧ ಅಮೆರಿಕಕ್ಕೆ ಅಂತ ಬರೆದಿತ್ತು. ತನ್ನ ನೆಲದಲ್ಲಿ ಇಲ್ಲದ, ತನ್ನದಲ್ಲದ ಹಣದ ಮೇಲೆ ಅರ್ಧ ಲಾಭ! ಬ್ರಸೆಲ್ಸ್ ತರಾತುರಿಯಲ್ಲಿ 122ನೇ ವಿಧಿ ಹುಡುಕಿಕೊಂಡದ್ದರ ಹಿಂದೆ ಹಂಗೆರಿಯ ವೀಟೊ ಒಂದೇ ಅಲ್ಲ, ಈ ಕಾಗದವೂ ಇತ್ತು ಅನ್ನುವುದು ನನ್ನ ಊಹೆ.

ಸದ್ಯಕ್ಕೆ ಹಣ ಬ್ರಸೆಲ್ಸಿನಲ್ಲಿದೆ, ಹಾನಿಯ ಲೆಕ್ಕ ನೆದರ್ಲೆಂಡಿನ ಹೇಗ್ ನಗರದಲ್ಲಿ ನಡೆಯುತ್ತಿದೆ. ಯುದ್ಧದಲ್ಲಿ ಮನೆ, ಮನೆಯವರನ್ನು ಕಳೆದುಕೊಂಡ ಉಕ್ರೇನಿಯನ್ನರ ಅರ್ಜಿಗಳನ್ನು ದಾಖಲಿಸೋಕೆ 2023ರಲ್ಲಿ ಅಲ್ಲಿ ಒಂದು ಕಚೇರಿ ಶುರುವಾಯಿತು. ಹತ್ತಾರು ಸಾವಿರ ಅರ್ಜಿಗಳು ಬಂದಿವೆ, ಅವನ್ನು ತೀರ್ಮಾನಿಸುವ ಆಯೋಗಕ್ಕೆ 2025ರ ಡಿಸೆಂಬರಿನಲ್ಲಿ ಸಹಿ ಬಿದ್ದಿದೆ. ಅದೇ ಊರಿನಲ್ಲಿ ಇನ್ನೊಂದು ನ್ಯಾಯಮಂಡಳಿ ಇದೆ. 1979ರಲ್ಲಿ ಟೆಹರಾನಿನ ರಾಯಭಾರ ಕಚೇರಿಯಲ್ಲಿ ಒತ್ತೆಯಾಳುಗಳನ್ನು ಹಿಡಿದಾಗ ಅಮೆರಿಕ ಇರಾನಿನ ಸುಮಾರು 1,200 ಕೋಟಿ ಡಾಲರ್ ಆಸ್ತಿ ಫ್ರೀಜ್ ಮಾಡಿತ್ತು, ಅದರ ವ್ಯಾಜ್ಯ ಬಿಡಿಸೋಕೆ 1981ರಲ್ಲಿ ಮಾಡಿದ್ದು. ನಲವತ್ತು ವರ್ಷ ದಾಟಿದೆ, ಅದರ ಕೆಲಸ ಇನ್ನೂ ಮುಗಿದಿಲ್ಲ.